ಬಗ್ಗದ ಕೊರಳಿಗೆ ನಿರಿಗೆ ಪಟ್ಟಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಅಂಗಿಗೆ ಗುಂಡಿ ಹೊಲಿಯೋದು ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ತಂಗಡಿಕೋಟೆ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಬಟ್ಟೆ ಹೊಲಿಯೋ ಚಿಪ್ಪಿಗ ತಿಪ್ಪಣ್ಣ ಅಂತ ಒಬ್ಬ, ಅವನ ಹೆಂಡತಿ ಸಣ್ಣೀರಮ್ಮ ಅಂತ ಒಬ್ಬಳು. ಅವನು ಕತ್ತರಿಸೋನು, ಅವಳು ಹೊಲಿಯೋಳು. ಇಬ್ರೂ ದಿನಾ ಜಗಳ ಆಡೋರಂತೆ, ದಾರ ಉದ್ದ ಆಯ್ತು ಅಂತ ಅವನು, ಬಟ್ಟೆ ಗಿಡ್ಡ ಆಯ್ತು ಅಂತ ಇವಳು. ಜಗಳ ಆಡ್ಕೊಂಡೇ ಚೆನ್ನಾಗಿದ್ರು. ಕಾಲು ಒಳಗೆ ಎಳ್ಕೋ ಚಿನ್ನಿ, ಚಳಿ ಇದೆ.

ಆಮೇಲೆ ಏನಾಯ್ತು ಅಂದ್ರೆ, ಆ ಊರ ದೊರೆ ಒಂದು ನಿಲುವಂಗಿ ಹೊಲಿಸ್ಕೊಂಡ್ನಂತೆ. ಅಳತೆ ಕೊಟ್ಟಿದ್ದು ಯುಗಾದಿಗೆ, ತೊಟ್ಟಿದ್ದು ಆಯುಧಪೂಜೆಗೆ. ನಡುವಿನ ಆರು ತಿಂಗಳು ದೊರೆ ಉಪವಾಸ ಏನೂ ಮಾಡಿರಲಿಲ್ಲ. ಹೋಳಿಗೆ ಅಂದ್ರೆ ಅವನಿಗೆ ಪ್ರಾಣ. ಪೂಜೆ ದಿನ ಊರೆಲ್ಲ ಸೇರಿದೆ, ದೊರೆ ಕತ್ತಿಗೆ ಕುಂಕುಮ ಇಡೋಕೆ ಅಂತ ಬಗ್ಗಿದ, ಬೆನ್ನ ಮೇಲೆ ಪರ್ ಅಂತ ಹೊಲಿಗೆ ಬಿಟ್ಟೋಯ್ತಂತೆ. ಜನ ನಕ್ಕುಬಿಟ್ರು. ನಾನು ದಪ್ಪ ಆದೆ ಅಂತ ಯಾವ ದೊರೆ ಒಪ್ಕೋತಾನೆ, ಹೊಲಿಗೆ ಸರಿಯಿಲ್ಲ ಅಂದ. ತಿಪ್ಪಣ್ಣನ್ನ ಹಿಡಿದು ಕೋಟೆ ಬಂದೀಖಾನೆಗೆ ಹಾಕಿಸ್ದ. ಎಷ್ಟು ದಿನ ಅಂತ ಕೇಳಿದ್ರೆ, ಸಾಯೋ ತನಕ ಇರ್ಲಿ ಅಂದ್ನಂತೆ.

ಸಣ್ಣೀರಮ್ಮ ಮನೆಗೆ ಬಂದು ಗಂಡನ ರುಮಾಲು ಗೂಟಕ್ಕೆ ತೂಗುಹಾಕಿದ್ಲು. ಇಪ್ಪತ್ತು ಮೊಳದ ಬಿಳೀ ರುಮಾಲು, ಒಂದಂಚು ಕೆಂಪು. ಪೇದೆಗಳು ಎಳ್ಕೊಂಡು ಹೋಗುವಾಗ ತಲೆಯಿಂದ ಬಿದ್ದಿತ್ತು. ಅವಳು ಅಳ್ಲಿಲ್ಲ. ಅಳ್ತಾ ಕೂತ್ರೆ ಸೂಜಿಗೆ ದಾರ ಪೋಣಿಸೋದು ಹೇಗೆ ಅಂತ ಕೆಲಸಕ್ಕೆ ಕೂತ್ಕೊಂಡ್ಲಂತೆ. ಆದ್ರೆ ದಾರ ಉದ್ದ ಆಯ್ತು ಅನ್ನೋರು ಯಾರೂ ಇಲ್ಲದೆ ಆ ಮನೆ ಅವಳಿಗೆ ಸೇರ್ತಿರಲಿಲ್ಲ.

ಈಗ ಆ ಊರಿನ ಒಂದು ಪದ್ಧತಿ ಹೇಳ್ಬೇಕು, ಇಲ್ಲದಿದ್ರೆ ಕತೆ ಮುಂದೆ ಹೋಗಲ್ಲ. ವರ್ಷಕ್ಕೊಂದು ಸಲ, ಮಾಘ ಮಾಸದಲ್ಲಿ, ಕೋಟೆ ಮುಂದೆ ಬಯಲಾಟ ಆಡೋರು. ಬೇರೆ ಊರಲ್ಲಿ ರಾತ್ರಿ ಆಡಿದ್ರೆ ಇಲ್ಲಿ ಹಗಲು, ಹೊತ್ತು ಹುಟ್ಟಿದಾಗ ಶುರು, ಮುಳುಗಿದಾಗ ಮುಕ್ತಾಯ. ಆಟದಲ್ಲಿ ರಾಜನ ವೇಷ ಹಾಕಿದೋನು ಆ ಹಗಲೆಲ್ಲ ತಲೆ ಬಗ್ಗಿಸ್ಬಾರದು. ಯಾರಿಗೂ ಬಗ್ಗಿಸ್ಬಾರದು, ಯಾತಕ್ಕೂ ಬಗ್ಗಿಸ್ಬಾರದು. ಬಗ್ಗಿಸದೇ ಇದ್ರೆ, ಹೊತ್ತು ಮುಳುಗುವಾಗ ನಿಜವಾದ ದೊರೆಗೆ ಅವನು ಒಂದು ಅಪ್ಪಣೆ ಕೊಡ್ಬೋದು, ಒಂದೇ ಒಂದು. ದೊರೆ ಅದನ್ನ ನಡೆಸಿಕೊಡ್ಬೇಕು. ಈ ದೊರೆಯ ಮುತ್ತಾತ ಯಾವುದೋ ಖುಷಿಯಲ್ಲಿ ಮಾಡಿದ ಪದ್ಧತಿಯಂತೆ. ಮೊಮ್ಮಕ್ಕಳಿಗೆ ಆಗಿಬರಲಿಲ್ಲ, ಬಿಡೋಕೂ ಧೈರ್ಯ ಇಲ್ಲ.

ರಾಜನ ವೇಷ ಮೂವತ್ತು ವರ್ಷದಿಂದ ಒಬ್ಬನದೇ, ಪಾಲಯ್ಯ ಅಂತ. ಆ ಪಾತ್ರದ ಮಾತು, ಪದ ಅವನೊಬ್ಬನಿಗೇ ಬಾಯಿಪಾಠ. ಸಣ್ಣೀರಮ್ಮ ಅವನ ಮನೆಗೆ ಹೋಗಿ, ಮಾವಾ, ಈ ಸಲದ ಅಪ್ಪಣೇಲಿ ನನ್ನ ಗಂಡನ್ನ ಬಿಡಿಸ್ಕೊಡು ಅಂತ ಕೇಳಿದ್ಲಂತೆ. ಪಾಲಯ್ಯ ಜಗಲಿ ಮೇಲೆ ಕೂತಿದ್ದ. ಅವನ ತಲೆ ಎದೆ ಮೇಲೆ ಬಾಗಿತ್ತು. ಎತ್ತಿದ, ಅದು ಮತ್ತೆ ಕೆಳಗೆ ಬಿತ್ತು, ಕಾಳು ತುಂಬಿದ ನವಣೆ ತೆನೆ ಬಾಗುತ್ತಲ್ಲ, ಹಾಗೆ. ಎಪ್ಪತ್ತು ದಾಟಿತ್ತು ನೋಡು.

ಪಾಲಯ್ಯ ಅಂದ್ನಂತೆ, ತಾಯೀ, ನನ್ನ ನಾಲಿಗೆ ಗಟ್ಟಿಯಾಗಿದೆ, ಕಾಲೂ ಗಟ್ಟಿಯಾಗಿವೆ, ಈ ಕತ್ತು ಒಂದು ಕೈಕೊಡ್ತು. ಮೇಲೆ ಆ ಮರದ ಕಿರೀಟ ಬೇರೆ ಇಟ್ರೆ ಅರ್ಧ ಗಳಿಗೆ ನಿಲ್ಲಲ್ಲ. ಈ ಸಲ ಆಟ ನಡೆಯುತ್ತೆ, ಅಪ್ಪಣೆ ಸಿಗಲ್ಲ.

ಸಣ್ಣೀರಮ್ಮ ಸ್ವಲ್ಪ ಹೊತ್ತು ಅವನ ಕತ್ತನ್ನೇ ನೋಡಿದ್ಲು. ಅಂಗಿ ಹರಿದಿರೋದನ್ನ ನೋಡ್ತಾರಲ್ಲ, ಹಾಗೆ ನೋಡಿದ್ಲು. ಆಮೇಲೆ ಹೇಳಿದ್ಲು, ನಿಂಗೊಂದು ಕತ್ತು ಹೊಲಿದುಕೊಡ್ತೀನಿ ಮಾವ, ಅಳತೆ ಕೊಡು.

ವೇಷಕ್ಕೆ ಒಂದು ಕೊರಳಪಟ್ಟಿ. ಕೊರಳ ಸುತ್ತ ನಿರಿಗೆ ನಿರಿಗೆಯಾಗಿ ಎದ್ದು ನಿಂತು, ಗಲ್ಲದ ಕೆಳಗೆ, ಕಿವಿ ಹಿಂದೆ, ತಲೆಯನ್ನ ಬಟ್ಟಲಲ್ಲಿ ಇಟ್ಟ ಹಾಗೆ ಎತ್ತಿ ಹಿಡಿಯೋ ಅಂಥದ್ದು. ನೋಡಿದೋರಿಗೆ ರಾಜನ ಅಲಂಕಾರ, ಒಳಗೆ ಊರುಗೋಲು. ಅವಳು ಮನಸಲ್ಲೇ ಹಾಗೆ ಅಂದ್ಕೊಂಡು, ತಲೆ ಬಗ್ಗಿಸು ಮಾವ ಅಂದು, ಹಿಂಗತ್ತಿನ ಮೇಲೆ ದಾರ ಇಟ್ಟು ಅಳೆದು, ದಾರಕ್ಕೆ ಗಂಟು ಹಾಕಿ ಮನೆಗೆ ತಂದ್ಲಂತೆ. ಚಿಪ್ಪಿಗರು ಕೊರಳ ಅಳತೆ ತಗೊಳ್ಳೋದೇ ಹಾಗೆ, ತಲೆ ಬಗ್ಗಿಸಿ.

ಮೊದಲನೇ ಪಟ್ಟಿಗೆ ಪಾಲಯ್ಯನ ಹಳೇ ಪಂಚೆ ತಗೊಂಡ್ಲು. ಸೀರೆ ನಿರಿಗೆ ಹಿಡಿದ ಹಾಗೆ ಸಣ್ಣ ಸಣ್ಣ ನಿರಿಗೆ ಹಿಡಿದು, ಒಂದರ ಮೇಲೊಂದು ಮಲಗಿಸಿ, ಬುಡದಲ್ಲಿ ಹೊಲಿದು, ಅನ್ನದ ಗಂಜಿಗೆ ಅದ್ದಿ, ಬಂಡೆ ಮೇಲೆ ಒಣಗಿಸಿದ್ಲು. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದ್ರೆ ಹಪ್ಪಳದ ಹಾಗೆ ಸದ್ದು ಬರ್ತಿತ್ತಂತೆ. ಪಾಲಯ್ಯ ಹಾಕ್ಕೊಂಡ, ತಲೆ ನಿಂತ್ಕೊಂಡ್ತು. ಅಭ್ಯಾಸ ಶುರು ಮಾಡಿದ್ರು, ಮದ್ದಲೆ ಬಡಿದ್ರು, ಅವನು ಕುಣಿದ, ಬೆವರಿದ. ಹೊತ್ತು ನೆತ್ತಿಗೆ ಬರೋ ಅಷ್ಟರಲ್ಲಿ ಗಂಜಿ ಕರಗಿ ಅಂಟಂಟಾಗಿ, ನಿರಿಗೆ ಎಲ್ಲ ಮಗ್ಗುಲಾಗಿ, ಪಟ್ಟಿ ದೋಸೆ ಹಾಗೆ ಹೆಗಲ ಮೇಲೆ ಬಿತ್ತಂತೆ. ಅದರ ಹಿಂದೆ ತಲೆ. ಅದರ ಹಿಂದೆ ಇರುವೆ ಸಾಲು. ಊರ ಜನ ನಗೋರು ನಕ್ರು, ಮರುಕ ಪಡೋರು ಪಟ್ರು. ಸುದ್ದಿ ದೊರೆ ಕಿವಿಗೂ ಬಿತ್ತು. ಗಂಜಿ ಪಟ್ಟಿಯಂತೆ, ಬೆವರಿಗೇ ಕರಗುತ್ತಂತೆ ಅಂತ ಅವನೂ ನಕ್ಕ.

ಎರಡನೇ ಪಟ್ಟಿಗೆ ಸಣ್ಣೀರಮ್ಮ ಬುಟ್ಟಿ ಹೆಣೆಯೋ ಮೇದರ ಕೇರಿಗೆ ಹೋಗಿ, ಬಿದಿರಿನ ತೆಳ್ಳನೆ ಸೀಳು ಕೇಳಿ ತಂದ್ಲಂತೆ. ಒಂದೊಂದು ನಿರಿಗೆಗೆ ಒಂದೊಂದು ಸೀಳು ಒಳಗಿಟ್ಟು ಹೊಲಿದ್ಲು. ಪಟ್ಟಿ ಬೇಲಿ ಹಾಗೆ ನಿಂತಿತು. ಪಾಲಯ್ಯ ತೊಟ್ಟ, ತಲೆ ನಿಂತಿತು. ಕುಣಿದ, ಆಗ್ಲೂ ನಿಂತಿತು. ಆಮೇಲೆ ಪದ ಹೇಳೋಕೆ ಬಾಯಿ ತೆಗೆಯೋಕೆ ಹೋದ, ಗಲ್ಲ ಅಲ್ಲಾಡಲ್ಲ. ಪಟ್ಟಿ ಅಷ್ಟು ಎತ್ತರ ಬಂದು ದವಡೆಗೆ ಒತ್ತಿ ಹಿಡಿದಿದೆ. ಗಂಟಲೊಳಗೆ ಗೊಗ್ ಗೊಗ್ ಅಂತ, ಪಂಜರದಲ್ಲಿ ಮುಚ್ಚಿಟ್ಟ ಕೋಳಿ ಸದ್ದು. ಬಿಚ್ಚಿದ ಮೇಲೆ ಪಾಲಯ್ಯ ಅಂದ್ನಂತೆ, ತಲೆ ನಿಂತ್ಕೊಂಡ್ತು ತಾಯಿ, ರಾಗ ಕೂತ್ಕೊಂಡ್ತು. ಮಾತಾಡದೇ ಇರೋ ರಾಜ ಅಪ್ಪಣೆ ಹೇಗೆ ಕೊಡ್ತಾನೆ ಹೇಳು.

ಆಟಕ್ಕೆ ಇನ್ನು ಎಂಟೇ ದಿನ ಉಳಿದಿತ್ತು. ಅವತ್ತು ಸಣ್ಣೀರಮ್ಮಂಗೆ ನಿಜವಾಗ್ಲೂ ಹೆದರಿಕೆ ಆಯ್ತಂತೆ. ಈ ವರ್ಷ ತಪ್ಪಿದ್ರೆ ಬರೋ ವರ್ಷಕ್ಕೆ ಪಾಲಯ್ಯ ಇರ್ತಾನೋ ಇಲ್ವೋ, ಬಂದೀಖಾನೆ ಚಳೀಲಿ ತಿಪ್ಪಣ್ಣ ಇರ್ತಾನೋ ಇಲ್ವೋ.

ವಾರಕ್ಕೊಂದು ದಿನ ಬಂದೀಖಾನೆ ಕಿಟಕೀಲಿ ಬುತ್ತಿ ಕೊಡೋಕೆ ಬಿಡೋರು. ಅವಳು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಕೊಂಡು ಹೋದ್ಲು. ಹೋಗಿ ನೋಡಿದ್ರೆ ಒಳಗೆ ಯಾರೋ ಮುದುರಿ ಕೂತ ಹಾಗೆ ಕಾಣ್ತು. ನೋಡಿದ್ರೆ ಅದು ಕಂಬಳಿ, ತನ್ನಷ್ಟಕ್ಕೆ ತಾನೇ ಗುಡಿಸಲ ಹಾಗೆ ನಿಂತಿದೆ. ತಿಪ್ಪಣ್ಣ ಬೇರೆ ಮೂಲೇಲಿದ್ದ. ಇದೇನು ಹೀಗೆ ನಿಂತಿದೆ ಅಂತ ಕೇಳಿದ್ಲು. ಹೊಸ ಕಂಬಳಿ ಕಣೇ, ಕಾವಲು ಇರೋ ಕುರುಬರ ಮುದುಕಪ್ಪ ಕೊಟ್ಟ, ಅವರು ನೇಯೋ ಮುಂಚೆ ಉಣ್ಣೆಗೆ ಹುಣಸೆ ಬೀಜದ ಅಂಟು ತಿಕ್ತಾರೆ, ಒಂದು ಮಳೆಗಾಲ ಪೂರ್ತಿ ನೆನೆಯೋ ತನಕ ಅದು ಮೆತ್ತಗಾಗಲ್ಲ, ಹೊದ್ದುಕೊಂಡ್ರೆ ಬಾಗಿಲು ಹೊದ್ದ ಹಾಗೆ ಅಂದ ತಿಪ್ಪಣ್ಣ.

ಸಣ್ಣೀರಮ್ಮ ಬುತ್ತಿ ಕೊಡೋದು ಮರೆತು ಅಲ್ಲೇ ನಿಂತ್ಬಿಟ್ಲಂತೆ. ಆಮೇಲೆ ಬುತ್ತಿ ಕೊಟ್ಟು ಗಂಡನಿಗೆ ಎಲ್ಲಾ ಹೇಳಿದ್ಲು, ಗಂಜಿ ಪಟ್ಟಿ ಕತೆ, ಬಿದಿರು ಪಟ್ಟಿ ಕತೆ. ತಿಪ್ಪಣ್ಣ ರೊಟ್ಟಿ ತಿಂತಾ ಕೇಳ್ದ, ಅಳತೆ ಹೇಗೆ ತಗೊಂಡೆ. ತಲೆ ಬಗ್ಗಿಸಿ, ಮತ್ತೆ ಹೇಗೆ ತಗೋತಾರೆ ಅಂದ್ಲು ಇವಳು. ಅವನು ನಕ್ಕ. ಬಗ್ಗಿಸಿದ್ರೆ ಹಿಂಗತ್ತು ಉದ್ದ ಆಗಲ್ವೇನೇ, ಅದಕ್ಕೇ ಪಟ್ಟಿ ದವಡೆಗೆ ಬಂದಿದೆ, ಅಂಗಿ ತೊಟ್ಟೋನು ದಿನಾ ಬಗ್ಗುತ್ತಾನೆ, ಅವನಿಗೆ ಬಗ್ಗಿಸಿ ಅಳೀಬೇಕು, ಬಗ್ಗಬಾರದ ಕೊರಳಿಗೆ ನೆಟ್ಟಗೆ ನಿಲ್ಲಿಸಿ ಅಳೀಬೇಕು. ಆಮೇಲೆ ತನ್ನ ಪಂಚೆ ಅಂಚು ಹಿಡಿದು ಸರಳಿನ ಆಚೆಯಿಂದ ತೋರಿಸಿದ. ನಿರಿಗೆನ ಮಲಗಿಸಬೇಡ, ಒಂದು ಬಲಕ್ಕೆ, ಒಂದು ಎಡಕ್ಕೆ ತಿರುಗಿಸಿ, ಜೇನುಹುಟ್ಟಿನ ಕಣ್ಣು ಇರುತ್ತಲ್ಲ, ಹಾಗೆ ನಿಲ್ಲಿಸು. ಹಾಗೇ ದಾರ ಗಿಡ್ಡ ಇರ್ಲಿ, ನಿನ್ನ ದಾರ ಯಾವಾಗ್ಲೂ ಉದ್ದ. ಸಣ್ಣೀರಮ್ಮಂಗೆ ಆ ಮಾತು ಕೇಳಿ ನಾಲ್ಕು ತಿಂಗಳಾಗಿತ್ತು. ಸೆರಗಲ್ಲಿ ಮೂಗು ಒರೆಸ್ಕೊಂಡು ಬಂದ್ಲಂತೆ.

ನಿದ್ದೆ ಬಂತಾ ಚಿನ್ನಿ. ಇಲ್ವಾ, ಸರಿ ಕೇಳು.

ಈಗ ಹುಣಸೆ ಬೀಜ ಬೇಕಲ್ಲ, ಒಂದು ಮೊರದಷ್ಟು. ಹೊಸ ಹುಣಸೆಹಣ್ಣು ಇನ್ನೂ ಮರದಲ್ಲೇ ಇತ್ತು, ಕುಟ್ಟಿರಲಿಲ್ಲ. ಹಳೇ ಬೀಜ ಯಾರ ಮನೇಲೂ ಇಲ್ಲ, ಇದ್ದಿದ್ದೆಲ್ಲ ಹೆಣ್ಣುಮಕ್ಕಳ ಹತ್ರ, ಚೌಕಾಬಾರ ಆಡೋಕೆ ಒಂದು ಕಡೆ ತಿಕ್ಕಿ ಬಿಳಿ ಮಾಡಿಟ್ಕೊಂಡಿದ್ದು. ಸಣ್ಣೀರಮ್ಮ ಕೇರಿ ಕೇರಿ ಸುತ್ತಿ ಆ ಮಕ್ಕಳನ್ನೇ ಕೇಳಿದ್ಲು. ಕೆಲವರು ತಕ್ಷಣ ಕೊಟ್ರು, ಕೆಲವರು ಗೆಲ್ಲೋ ಬೀಜ ಇದು ಅಂತ ಮುಷ್ಟಿ ಬಿಚ್ಚಲೇ ಇಲ್ಲ, ಅವಕ್ಕೆ ನಿನ್ನ ಹಾಗೇ ಹಟ. ಹೊಸ ಬೀಜ ವಾಪಸ್ ಕೊಡ್ತೀನಿ ಅಂತ ಆಣೆ ಮಾಡಿದ ಮೇಲೆ ಎಲ್ಲಾ ಕೊಟ್ವಂತೆ. ಹುರಿದು, ನೆನೆಸಿ, ಸಿಪ್ಪೆ ತೆಗೆದು, ಒರಳಲ್ಲಿ ರುಬ್ಬಿ, ನೀರಲ್ಲಿ ಕುದಿಸಿದ್ಲು. ಅಂಟು ಸೌಟಿಂದ ಇಳೀಲೇ ಇಲ್ಲ, ಅಷ್ಟು ಗಟ್ಟಿ.

ಇನ್ನು ಬಟ್ಟೆ. ಪಂಚೆ ತುಂಡು ಈ ನಿರಿಗೆಗೆ ಸಾಲಲ್ಲ, ಉದ್ದ ಬೇಕು. ಗೂಟದ ಮೇಲಿದ್ದ ರುಮಾಲು ನೋಡಿದ್ಲು. ನೋಡಿ ಬೇರೆ ಕಡೆ ತಿರುಗಿದ್ಲು. ಅದಕ್ಕೆ ಕತ್ತರಿ ಹಾಕಿದ್ರೆ, ಆ ತಲೆ ಇನ್ನು ಮನೆಗೆ ಬರಲ್ಲ ಅಂತ ನಾನೇ ಹೇಳಿದ ಹಾಗಾಯ್ತಲ್ಲ ಅನ್ನಿಸ್ತಂತೆ. ಕೊನೆಗೆ ಕತ್ತರಿ ಮುಟ್ಟಲೇ ಇಲ್ಲ. ಇಪ್ಪತ್ತು ಮೊಳಾನೂ ಹಾಗೇ ಇಟ್ಕೊಂಡು, ಅಗಲವನ್ನ ಮಡಿಚಿ ಕೈಬೆರಳುದ್ದ ಮಾಡಿ, ಬಲಕ್ಕೊಂದು ಎಡಕ್ಕೊಂದು ತಿರುಗಿಸ್ತಾ ಹೋದ್ಲು. ಪಾಲಯ್ಯನ್ನ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ ಹೊಸದಾಗಿ ಅಳತೆ ತಗೊಂಡ್ಲು. ಆರು ದಿನ ಹೊಲಿದ್ಲು, ಅಂಟು ಹಚ್ಚಿದ್ಲು, ಮತ್ತೆ ಹಚ್ಚಿದ್ಲು, ಬಿಸಿಲಿಗಿಟ್ಲು. ಆಟದ ಹಿಂದಿನ ದಿನ ಪಟ್ಟಿನ ನೆಲದ ಮೇಲಿಟ್ಟು ಅದರ ಮೇಲೆ ನೀರು ತುಂಬಿದ ಬಿಂದಿಗೆ ಇಟ್ಟು ನೋಡಿದ್ಲಂತೆ. ಪಟ್ಟಿ ಒಂದು ಕೂದಲಷ್ಟೂ ಕುಗ್ಗಲಿಲ್ಲ.

ಆಟದ ದಿನ ಬೆಳಿಗ್ಗೆ, ದಾರದಲ್ಲಿ ಕಟ್ಟಿದ್ರೆ ದೊರೆ ಕಡೆಯೋರು ಎಳೆದು ಬಿಚ್ಚಿಯಾರು ಅಂತ, ಪಟ್ಟಿನ ಪಾಲಯ್ಯನ ಕೊರಳ ಮೇಲೇ ಹೊಲಿಯೋಕೆ ಕೂತ್ಲು. ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು, ಒಳ್ಳೇದಲ್ಲ ಅಂತ ಪಾಲಯ್ಯನ ಹೆಂಡತಿ ಗೊಣಗಿದ್ಲು. ಅದಕ್ಕೆ ದೋಷ ತಟ್ಟದಿರಲಿ ಅಂತ ಅವನ ಬಾಯಲ್ಲಿ ಒಂದು ಹುಲ್ಲುಕಡ್ಡಿ ಕಚ್ಚಿಸಿ ಹೊಲಿದ್ಲಂತೆ. ಕಿರೀಟ ಇಟ್ರು. ಮದ್ದಲೆ ಬಿತ್ತು.

ದೊರೆ ಸುಮ್ಮನಿರ್ತಾನಾ. ರಂಗಕ್ಕೆ ಬರೋ ದಾರೀಲಿ ರಾತ್ರೋರಾತ್ರಿ ಒಂದು ತೋರಣದ ಬಾಗಿಲು ಕಟ್ಟಿಸಿದ್ದ, ಕುರಿ ದಾಟೋ ಅಷ್ಟು ತಗ್ಗು. ಬಗ್ಗದೇ ಹೇಗೆ ಬರ್ತಾನೆ ನೋಡೋಣ ಅಂತ. ಪಾಲಯ್ಯ ಬಾಗಿಲು ನೋಡ್ದ. ತಲೆ ನೆಟ್ಟಗೇ ಇಟ್ಕೊಂಡು, ಕುಕ್ಕರಗಾಲಲ್ಲಿ ಕೂತು, ಬಾತುಕೋಳಿ ಹಾಗೆ ನಡ್ಕೊಂಡು ಒಳಗೆ ಬಂದು ಎದ್ದು ನಿಂತ. ಮೂವತ್ತು ವರ್ಷ ಕುಣಿದ ಕಾಲಲ್ವಾ. ಅದೂ ಆಟದ್ದೇ ಒಂದು ಕುಣಿತ ಅಂದ್ಕೊಂಡು ಜನ ಶಿಳ್ಳೆ ಹೊಡೆದ್ರು.

ಮಧ್ಯಾಹ್ನ ಆಯ್ತು. ದೊರೆ, ರಾಜನಿಗೆ ಸೆಕೆ ಆಗ್ತಿದೆ, ಪನ್ನೀರು ತನ್ನಿ ಅಂದ. ಪನ್ನೀರು ಅಂದ್ರೆ ಚಿಮುಕಿಸೋ ಅಷ್ಟಲ್ಲ, ಹನ್ನೆರಡು ಕೊಡ. ಗಂಜಿ ಕರಗಲಿ ಅಂತ. ಒಂದೊಂದಾಗಿ ಕೊರಳ ಮೇಲೇ ಸುರಿದ್ರು. ಬಣ್ಣ ಕರಗಿ ಹುಬ್ಬು ಮೀಸೆಗೆ ಸೇರ್ತು, ಮೀಸೆ ಗಲ್ಲಕ್ಕಿಳೀತು. ಪಟ್ಟಿ ಮಾತ್ರ ಹಾಗೇ ನಿಂತಿತ್ತು, ಅಂಟು ಸ್ವಲ್ಪ ಕಂದು ತಿರುಗಿ ಹೊಳೀತು ಅಷ್ಟೆ. ಸಣ್ಣೀರಮ್ಮ ಹೆಂಗಸರ ಸಾಲಲ್ಲಿ ಕೂತು ಕೊಡ ಎಣಿಸ್ತಿದ್ಲು. ಹನ್ನೆರಡನೇದು ಆದ್ಮೇಲೆ ಉಸಿರು ಬಿಟ್ಲಂತೆ.

ಹೊತ್ತು ಇಳೀತು. ಇನ್ನು ಎರಡಾಳುದ್ದ ಇಳಿದ್ರೆ ಮುಳುಗೋದೇ. ಆಗ ದೊರೆ ಮೂರನೇ ಉಪಾಯ ತೆಗೆದ. ಬಂದೀಖಾನೆಯಿಂದ ತಿಪ್ಪಣ್ಣನ್ನ ಸರಪಳಿ ಸಮೇತ ತರಿಸಿ, ರಾಜನ ಕಾಲಿಗೆ ಬೀಳಿಸಿದ್ರು. ಕಾಲಿಗೆ ಬಿದ್ದೋರನ್ನ ಭುಜ ಹಿಡಿದು ಎತ್ತದೇ ಇರೋ ಹಿರಿಯ ಆ ಊರಲ್ಲಿಲ್ಲ, ಪಾಲಯ್ಯನಂತೂ ಮೊದಲೇ ಅಲ್ಲ, ಅವನದು ಬೆಣ್ಣೆ ಕರುಳು. ಸಣ್ಣೀರಮ್ಮ ಕೂತಲ್ಲಿಂದ ಎದ್ದು ನಿಂತ್ಲು. ನನ್ನ ಗಂಡನ ಮೇಲಿನ ಕನಿಕರವೇ ನನ್ನ ಗಂಡನ್ನ ಒಳಗೆ ಕೂರಿಸುತ್ತಲ್ಲ ದೇವರೇ ಅಂದ್ಕೊಂಡ್ಲಂತೆ.

ಅವಳು ಅಂದ್ಕೊಂಡ ಹಾಗೇ ಆಯ್ತು. ಸರಪಳಿ ಸದ್ದು ಕೇಳಿ ಪಾಲಯ್ಯಂಗೆ ಕಾಲಡಿ ಇರೋದು ಯಾರು ಅಂತ ಗೊತ್ತಾಯ್ತು. ಆಟ ಮರೆತ, ಪದ್ಧತಿ ಮರೆತ, ಅಯ್ಯೋ ಮಗನೇ ಅಂತ ಬಗ್ಗೋಕೆ ಹೋದ. ಪಟ್ಟಿ ಕರಕರ ಅಂತು. ಬಿಡಲಿಲ್ಲ. ಅವನು ಇನ್ನೂ ಬಲ ಹಾಕಿದ. ಹಿಂದುಗಡೆ ಒಂದು ಹೊಲಿಗೆ ಟಕ್ ಅಂತು. ಮದ್ದಲೆ ನಿಂತುಹೋಗಿತ್ತು, ಆ ಸದ್ದು ಸಣ್ಣೀರಮ್ಮಂಗೂ ಕೇಳಿಸ್ತು. ಇನ್ನೊಂದು ಟಕ್ ಅಂತು.

ಕೆಳಗೆ ಬಿದ್ದಿದ್ದ ತಿಪ್ಪಣ್ಣ ತಲೆ ಎತ್ತಿ ನೋಡ್ದ. ಚಿಪ್ಪಿಗ ಅಲ್ವಾ, ಮುಖಕ್ಕಿಂತ ಮುಂಚೆ ಹೊಲಿಗೆ ಕಣ್ಣಿಗೆ ಬಿತ್ತು. ನಿರಿಗೆ ಒಂದು ಬಲಕ್ಕೆ, ಒಂದು ಎಡಕ್ಕೆ. ಅಂಚಲ್ಲಿ ಕೆಂಪು, ತನ್ನದೇ ರುಮಾಲು. ದಾರ ಗಿಡ್ಡ. ಅವನಿಗೆ ಎಲ್ಲಾ ಅರ್ಥ ಆಯ್ತಂತೆ. ನಾನು ಬಿದ್ದಿರೋ ತನಕ ಈ ಮುದುಕ ಬಗ್ಗೋದು ಬಿಡಲ್ಲ ಅಂತ, ಪೇದೆಗಳು ಬೆನ್ನ ಮೇಲೆ ಕೋಲು ಒತ್ತಿದ್ರೂ ಕೇಳದೆ, ಸರಪಳಿ ಎಳ್ಕೊಂಡು ಎದ್ದು ನಿಂತ. ಪಾಲಯ್ಯನ ಮುಖಕ್ಕೆ ಮುಖ ಕೊಟ್ಟು ನಿಂತ. ಎತ್ತೋಕೆ ಕೆಳಗೆ ಯಾರೂ ಇಲ್ಲದೆ ಪಾಲಯ್ಯ ಬಲ ಬಿಟ್ಟ. ತಿಪ್ಪಣ್ಣ ಸರಪಳಿ ಕೈಯನ್ನೇ ಅವನ ಹಿಂಗತ್ತಿಗೆ ಹಾಕಿ, ಬಿಟ್ಟ ಹೊಲಿಗೇನ ಎರಡು ಬೆರಳಲ್ಲಿ ಒತ್ತಿ ಹಿಡ್ಕೊಂಡ. ನೋಡೋರಿಗೆ ತಬ್ಬಿಕೊಂಡ ಹಾಗೆ ಕಾಣ್ತಿತ್ತಂತೆ. ಹಾಗೇ ಇಬ್ರೂ ನಿಂತಿದ್ರು, ಹೊತ್ತು ಮುಳುಗ್ತು.

ಪಾಲಯ್ಯ ಅಪ್ಪಣೆ ಕೊಟ್ಟ. ದೊರೆಯೇ, ನನ್ನ ಕೊರಳಿಗೆ ಈ ಪಟ್ಟಿ ಹೊಲಿದುಬಿಟ್ಟಿದಾರೆ, ಬಿಚ್ಚೋಕೆ ಗಂಡಹೆಂಡಿರಿಬ್ಬರೂ ಬೇಕು, ಇವನ್ನ ಮನೆಗೆ ಬಿಡು. ಊರೆಲ್ಲ ನೋಡ್ತಿತ್ತು. ದೊರೆ ಸರಪಳಿ ತೆಗೆಸಿದ.

ಅವನು ಒಂದು ಕಡೆಯಿಂದ, ಅವಳು ಒಂದು ಕಡೆಯಿಂದ ಹೊಲಿಗೆ ಬಿಚ್ಚಿದ್ರು. ಬಿಚ್ತಾನೇ ಜಗಳ ಶುರುವಾಯ್ತಂತೆ, ಇಲ್ಲಿ ಎರಡು ಗಂಟು ಯಾಕೆ ಹಾಕಿದೆ ಅಂತ ಅವನು, ಒಂದು ಹಾಕಿದ್ರೆ ಇವತ್ತು ಎಲ್ಲಿರ್ತಿದ್ದೆ ಅಂತ ಇವಳು. ಕೊನೇ ಹೊಲಿಗೆ ಬಿಟ್ಟ ತಕ್ಷಣ ಪಾಲಯ್ಯನ ತಲೆ ಬಾಗಿ, ಎದುರಿಗಿದ್ದ ಸಣ್ಣೀರಮ್ಮನ ಕಾಲ ಕಡೆ ಇಳೀತು. ಅವನು ನಮಸ್ಕಾರ ಮಾಡಿದ್ನೋ, ಕತ್ತು ತಾನೇ ಬಿತ್ತೋ, ಅದು ನಂಗೆ ಗೊತ್ತಿಲ್ಲ. ಅವಳು ಮಾತ್ರ, ಹಾಗೇ ಇರು ಮಾವ, ಸೂಜಿ ಅಲ್ಲೇ ಬಿದ್ದಿದೆ, ಕಂಡ್ರೆ ಹೇಳು ಅಂದ್ಲಂತೆ.

ಪಟ್ಟಿ ಮತ್ತೆ ರುಮಾಲಾಯ್ತು. ಆದ್ರೆ ಅಂಟು ಬಿಡಲಿಲ್ಲ ನೋಡು, ತಿಪ್ಪಣ್ಣ ಸುತ್ಕೊಂಡ್ರೆ ತಲೆ ತುಂಬಾ ಅಲೆ ಅಲೆ. ಮಳೆಗಾಲ ಕಳೆಯೋ ತನಕ ಹಾಗೇ ತಿರುಗಾಡಿದ್ನಂತೆ.

ಆಮೇಲೆ ಒಂದು ದಿನ ದೊರೆಯೇ ಅವರ ಮನೆಗೆ ಬಂದ. ಆಟದ ದಿನದಿಂದ ಜನದ ಮುಂದೆ ಅವನ ತಲೆ ನಿಲ್ತಿರಲಿಲ್ಲವಂತೆ. ನಂಗೂ ಅಂಥದ್ದೊಂದು ನಿರಿಗೆ ಪಟ್ಟಿ ಬೇಕು, ರಾಜನ ಹಾಗೆ ಕಾಣ್ಬೇಕು ಅಂದ. ಆಗಲಿ ಅಂದ್ಲು ಸಣ್ಣೀರಮ್ಮ, ಹುಣಸೆ ಬೀಜ ಎರಡು ಮೂಟೆ ಕಳಿಸಿ, ಒಂದು ಅಂಟಿಗೆ, ಒಂದು ಕೇರಿ ಮಕ್ಕಳಿಗೆ ಅಂದ್ಲು. ದೊರೆ ಒಪ್ಪಿದ. ಅವಳು ದಾರ ತಗೊಂಡು ಎದ್ದು ಬಂದ್ಲು. ತಿಪ್ಪಣ್ಣ ಒಳಗಿಂದ ಬಾಗಿಲಿಗೆ ಬಂದು ನಿಂತ, ಕೇರಿ ಜನ ಹೊರಗೆ ನಿಂತ್ರು, ಚೌಕಾಬಾರದ ಮಕ್ಕಳು ಕಿಟಕೀಲಿ ನಿಂತ್ವು.

ಬಗ್ಗಬಾರದ ಕೊರಳಿಗೆ ಅಳತೆ ಹೇಗೆ ತಗೋಬೇಕು ಅಂತ ಅವಳಿಗೆ ಗೊತ್ತಿತ್ತು ಅಲ್ವಾ ಚಿನ್ನಿ. ಗೊತ್ತಿದ್ದೂ ಹೇಳಿದ್ಲು, ತಲೆ ಬಗ್ಗಿಸಿ ದೊರೆ.

ದೊರೆ ಬಗ್ಗಿಸಿದ. ಅವಳು ನಿಧಾನವಾಗಿ ಅಳೆದ್ಲಂತೆ. ದಾರಕ್ಕೆ ಗಂಟು ಬಿತ್ತು, ಅಲ್ಲಿಗೆ ಕತೆನೂ ಮುಗೀತು. ಇನ್ನು ನೀನು ಮಲಗು.